ತಾಂಬೂಲದಲ್ಲಿ ಹೋದ ಪೆನ್‌ಡ್ರೈವ್

ಬೋಗಾದಿ, ಮೈಸೂರು
೩೦ ಅಕ್ಟೋಬರ್ ೨೦೨೫

ಬೋಗಾದಿ ಕಸೂತಿ ಸಂಸ್ಥಾನದ ಒಡತಿಯಾದ ನನ್ನ ಮುದ್ದು ಅಮ್ಮನಿಗೆ,

ಮೊದಲು ನಿನ್ನ ಸೊಂಟನೋವು ಹೇಗಿದೆ ಹೇಳು. ಬಾಣಂತನ ಮಾಡಲು ದಾವಣಗೆರೆಗೆ ಹೋದವಳು ಮಗುವಿಗೆ ನೀರು ಹಾಕುವ ಗಡಿಬಿಡಿಯಲ್ಲಿ ನಿನ್ನ ಮಾತ್ರೆ ಮರೆಯುತ್ತೀಯೆಂದು ಪ್ರೀತಿ ಅಕ್ಕ ಚಾಡಿ ಹೇಳಿದ್ದಾಳೆ. ಕೂಸು ನಿದ್ದೆ ಮಾಡುತ್ತದೆಯೇ, ಅಥವಾ ಅಕ್ಕನ ಹಾಗೆಯೇ ಊರೆಲ್ಲ ಎಬ್ಬಿಸುತ್ತದೆಯೇ? ಇಲ್ಲಿ ಅಪ್ಪ, ಅಜ್ಜಿ, ನಾನು ಕ್ಷೇಮ. ಅಪ್ಪನ ಡಬ್ಬಿಗೆ ನಾನೇ ಚಿತ್ರಾನ್ನ ಮಾಡಿ ಕೊಡುತ್ತಿದ್ದೇನೆ. ಈಚೆಗೆ ಅವರು ಹೆಬ್ಬಾಳದ ಫ್ಯಾಕ್ಟರಿ ಕ್ಯಾಂಟೀನನ್ನು ವಿಪರೀತ ಹೊಗಳುತ್ತಿದ್ದಾರೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮುಂದಿನ ಸಂಗತಿಯನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಕೂಗಿಕೊಳ್ಳುತ್ತೀಯ. ಎಲ್ಲವೂ ಒಳ್ಳೆಯದೇ ಆಗಿದೆಯೆಂದು ಈಗಲೇ ಪ್ರಮಾಣ ಮಾಡುತ್ತೇನೆ. ಆದರೂ ಕೂತುಕೊಂಡೇ ಓದು.

ನಿನ್ನ ಕಂಪ್ಯೂಟರಿನ ಹಳೇ ವಿಂಡೋಸ್ ಸಕಲ ಮರ್ಯಾದೆಗಳೊಂದಿಗೆ ನಿವೃತ್ತವಾಯಿತು. ಇನ್ನು ಅದಕ್ಕೆ ರಕ್ಷಣೆ ಸಿಗುವುದಿಲ್ಲವೆಂದು ಪರದೆಯ ಮೇಲೆ ದಿನವೂ ಎಚ್ಚರಿಕೆ ಬರುತ್ತಿತ್ತು. ಹೊಸದನ್ನು ಹಾಕೋಣವೆಂದರೆ ಅದು ನಮ್ಮ ಮುದಿ ಯಂತ್ರವನ್ನು ನೋಡಿ ಮೂಗು ಮುರಿಯಿತು. ಆದ್ದರಿಂದ ಪುಕ್ಕಟೆ ಸಿಗುವ ಲಿನಕ್ಸ್‌ಗೆ ಪಟ್ಟ ಕಟ್ಟಲು ನಿಶ್ಚಯಿಸಿದೆ. ಅದನ್ನು ಹಾಕುವಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಕಸೂತಿ ಮೆಷೀನಿಗೆಂದು ನೀನು ಬರೆದ ಬ್ಲೌಸ್ ಡಿಸೈನುಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ತುಂಬಿಕೊಂಡೆ. ಬಸ್ ಹತ್ತುವಾಗ ನೀನು, “ಏನಾರ ಮಾಡ್ಕೋ, ನಾನು ಬರ್ದಿರೋದು ಒಂದೂ ಹೋಗ್ಬಾರ್ದು ಕಣೇ, ಪವಿತ್ರನ ಮದ್ವೆ ಬ್ಲೌಸು ಅದ್ರಲ್ಲೇ ಐತೆ” ಅಂದಿದ್ದು ಕಿವಿಯಲ್ಲೇ ಇತ್ತು. ಭದ್ರವಾಗಿರಲಿ ಎಂದು ಪೆನ್‌ಡ್ರೈವನ್ನು ನೀನು ಮಿಕ್ಕ ಬಟ್ಟೆಯಲ್ಲಿ ಹೊಲಿದಿಟ್ಟ ಜರಿ ಚೀಲವೊಂದಕ್ಕೆ ಹಾಕಿ, ದಾರ ಎಳೆದು, ದೀಪಾವಳಿಯ ಲಕ್ಷ್ಮಿ ಪೂಜೆಯಲ್ಲಿ ದೇವರ ಮುಂದಿಟ್ಟೆ. ನನಗೆ ಭಕ್ತಿ ಬಂದದ್ದು ಅದೇ ಮೊದಲು; ಅದರ ಫಲ ನೋಡು.

ಪೆನ್‌ಡ್ರೈವ್ ದೇವರ ಸನ್ನಿಧಿಯಲ್ಲಿದೆಯೆಂಬ ಧೈರ್ಯದಿಂದ ಭಾನುವಾರ ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಹಾಕಿದೆ. ಆಮೇಲೆ ದೇವರ ಮನೆಗೆ ಹೋದರೆ ಚೀಲವೇ ಇಲ್ಲ! ಹಬ್ಬದ ಸಂಜೆ ಕುಂಕುಮಕ್ಕೆ ಬಂದ ಹೆಂಗಸರಿಗೆ ಅಜ್ಜಿ ಅಂಥದೇ ಜರಿ ಚೀಲಗಳಲ್ಲಿ ಅಡಿಕೆ, ಅರಿಸಿನದ ಕೊಂಬು ಹಾಕಿ ಕೊಟ್ಟಿದ್ದರಂತೆ. “ದೇವ್ರ ಮುಂದಿರೋದು ತಾಂಬೂಲ ಅಲ್ದೆ ಇನ್ನೇನೇ? ಅದ್ನೂ ಕೊಟ್ಬುಟ್ಟೆ” ಅಂದರು. ನಿನ್ನ ಇಷ್ಟು ವರ್ಷದ ಗಿಳಿ, ಮಾವು, ಬಳ್ಳಿಗಳೆಲ್ಲ ಊರಿನಲ್ಲಿ ಯಾರ ಬೀರುವಿನಲ್ಲಿವೆಯೋ! ಬ್ಲೌಸಿಗೆ ಕಾದಿರುವ ಮದುಮಗಳು ಪವಿತ್ರಳ ಮುಖ ಕಣ್ಣ ಮುಂದೆ ಬಂದು, ಎಂದೂ ಅಳದ ನಾನು ಬಚ್ಚಲಿಗೆ ಹೋಗಿ ಅತ್ತೆ.

ಆಮೇಲೆ ನೋಡು, ನನ್ನ ದಂಡಯಾತ್ರೆ. ಹಬ್ಬಕ್ಕೆ ಬಂದವರ ಮನೆಮನೆಗೂ ಹೋಗಿ ಚೀಲ ಬಿಚ್ಚಿಸಿದೆ, ಎಲ್ಲರದರಲ್ಲೂ ಅಡಿಕೆಯೇ. ಪಕ್ಕದ ಬೀದಿಯ ಸರ್ವಮಂಗಳಾ ಆಂಟಿ ಮಾತ್ರ, “ಎಷ್ಟು ಚೆನ್ನಾಗೈತೆ ಅಂತ ಎತ್ತಿಟ್ಟಿದೀನಿ” ಅಂದವರು ಬೀರು ತೆಗೆಯಲೇ ಇಲ್ಲ. ಗೋಗರೆದ ಮೇಲೆ ನಿಜ ಬಂತು: ಬಿಚ್ಚದೆ ಹಾಗೇ ಮಂಡಿ ಮೊಹಲ್ಲಾದ ನಾದಿನಿ ದೇವಿರಮ್ಮನಿಗೆ ದಾಟಿಸಿದ್ದರು. ಅಲ್ಲಿಗೆ ಓಡಿದೆ. ದೇವಿರಮ್ಮ ಕಾಫಿ ಕೊಟ್ಟರು, ನಿನ್ನ ಕೈಕೆಲಸ ಹೊಗಳಿದರು, ಚೀಲದ ಮಾತು ಬಂದರೆ ಸೊಸೆಯನ್ನು ಬೈದರು. ಕೊನೆಗೆ ತಲೆ ತಗ್ಗಿಸಿ, “ನಿಮ್ಮಜ್ಜಿಗೇ ಕೊಟ್ಟೆ ಕಣವ್ವ. ಶನಿವಾರ ಬಂದಿದ್ರಲ್ಲ, ಬರಿಗೈಲಿ ಕಳ್ಸಕ್ಕಾಯ್ತದಾ?” ಅಂದರು. ಬಂದು ನೋಡಿದರೆ ಅಜ್ಜಿಯ ಟ್ರಂಕಿನಲ್ಲಿ ನಮ್ಮದೇ ಚೀಲ, ನಾನು ಎಳೆದ ಗಂಟಿನೊಂದಿಗೇ ಕೂತಿದೆ, ಇನ್ನೊಬ್ಬರಿಗೆ ಕೊಡಲು ಸಿದ್ಧವಾಗಿ. ಒಮ್ಮೆ ಬಿಚ್ಚಿ ನೋಡಬಾರದಿತ್ತೇ ಎಂದರೆ, “ಬಿಚ್ಚಿದ್ನ ಯಾರ್ಗಾರ ಕೊಡಕ್ಕಾಯ್ತದೇನೇ?” ಎಂದು ನನಗೇ ಗದರಿದರು.

ಲಿನಕ್ಸ್‌ನಲ್ಲಿ ಕಸೂತಿಗೆಂದೇ ಇರುವ ತಂತ್ರಾಂಶದಲ್ಲಿ ನಿನ್ನ ಒಂದೊಂದು ಡಿಸೈನನ್ನೂ ತೆರೆದು ನೋಡಿದೆ ಅಮ್ಮ. ಒಂದೂ ಹೋಗಿಲ್ಲ. ಹಳೇ ಲಂಗದ ಚೂರಿನ ಮೇಲೆ ಮೆಷೀನು ಗಿಳಿಯ ಕೊಕ್ಕಿನವರೆಗೂ ಸರಿಯಾಗಿ ಹೊಲಿದಾಗ ನಾನು ಕಂಪ್ಯೂಟರಿಗೆ ದೀರ್ಘದಂಡ ನಮಸ್ಕಾರ ಹಾಕಿದೆ. ಪವಿತ್ರಳ ಬ್ಲೌಸಿನ ತೋಳುಗಳು ಮುಗಿದವು, ಬೆನ್ನು ನಾಳೆಗೆ. ಹೊಸ ರಾಜ್ಯದಲ್ಲಿ ದುಃಖಿತರು ಅಪ್ಪ ಒಬ್ಬರೇ. ಅವರಿಗೆ ಇಸ್ಪೀಟಿನ ಆಟ ಎಲ್ಲಿದೆಯೆಂದು ಇನ್ನೂ ಗೊತ್ತಾಗಿಲ್ಲ. ನಾನೂ ಹೇಳಿಲ್ಲ.

ಅಕ್ಕ ಭಾವನಿಗೆ ನಮಸ್ಕಾರ, ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಬೈಯುವುದಿದ್ದರೆ ಮೊದಲು ಆಶೀರ್ವಾದ ಮಾಡಿ ಆಮೇಲೆ ಬೈ.

ನಿನ್ನ ಹಂಗಾಮಿ ದಿವಾನಳು,
ಧರಣಿ

ಮರೆತಿದ್ದೆ! ಎಲ್ಲ ಡಿಸೈನುಗಳ ಇನ್ನೊಂದು ನಕಲು ನಿನ್ನ ಹತ್ತಿರವೇ ಇರಲಿ ಎಂದು ಬೇರೆ ಪೆನ್‌ಡ್ರೈವಿನಲ್ಲಿ ಹಾಕಿ ಈ ಕೊರಿಯರ್‌ನಲ್ಲೇ ಕಳಿಸುತ್ತಿದ್ದೇನೆ. ಡಬ್ಬ ಕಟ್ಟಿದ್ದು ಅಜ್ಜಿ. ಭಾನುವಾರದ ನಾಮಕರಣಕ್ಕೆ ಬರುವವರಿಗೆ ಕೊಡಲೆಂದು ಜರಿ ಚೀಲಗಳನ್ನೂ ತುಂಬಿದ್ದಾರೆ, ಪೆನ್‌ಡ್ರೈವ್ ಹಾಗೇ ಬಿಡಿಯಾಗಿ ಹೋಗಬಾರದೆಂದು ಅದನ್ನೂ ಒಂದು ಚೀಲಕ್ಕೇ ಹಾಕಿದ್ದಾರಂತೆ. ಯಾವುದಕ್ಕೆಂದು ಅವರಿಗೇ ನೆನಪಿಲ್ಲ. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮಾ, ಎಲ್ಲವನ್ನೂ ಬಿಚ್ಚಿ ನೋಡುವ ತನಕ ಯಾರಿಗೂ ಒಂದನ್ನೂ ಕೊಡಬೇಡ!