ಹುಲ್ಲಿನ ಮೇಲಿದ್ದ ಹಿತ್ತಾಳೆ ಚೌಕಟ್ಟು

ನಮ್ಮೂರ ಪುರಸಭೆಯ ಕಸ ವಿಲೇವಾರಿ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಲಾರಿ ನನ್ನ ಗೇಟಿನ ಮುಂದಿನಿಂದ ಎತ್ತಿಕೊಂಡು ಹೋದದ್ದು ಕಸವಲ್ಲ. ಅದು ಪೆಲ್ವರ್ತ್ ಎಂಬ ಹಳೆಯ ಕಾರಿನ ಮುಂಗಾಜನ್ನು ಹಿಡಿದು ನಿಲ್ಲಿಸುವ ಹಿತ್ತಾಳೆಯ ಚೌಕಟ್ಟು. ಅದು ನನ್ನದೂ ಅಲ್ಲ. ಮೂನ್ಟಾ ಕಡೆಯ ಕ್ಲೆಮ್ ಟ್ರೆಗಿಯಾ ಎಂಬ ಹಿರಿಯರು, ಚೆನ್ನಾಗಿ ಓಡುತ್ತಿದ್ದ ತಮ್ಮ ಕಾರಿನಿಂದ ಬಿಚ್ಚಿ, ನನ್ನನ್ನು ನಂಬಿ, ಕೈಗಡವಾಗಿ ಕೊಟ್ಟದ್ದು. ಈಗ ಅದು ನಿಮ್ಮ ಅಂಗಳದ ಗುಜರಿ ರಾಶಿಯಲ್ಲಿ ಬಿದ್ದಿದೆ. ತಿಂಗಳ ಕೊನೆಗೆ ಆ ರಾಶಿಯನ್ನು ಜಜ್ಜಲು ಯಂತ್ರ ಬರುತ್ತದೆ. ಅಷ್ಟರೊಳಗೆ ನನ್ನನ್ನು ಒಳಗೆ ಬಿಡಿ ಎಂದು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ. ಅದಕ್ಕೇ ಈಗ ಪತ್ರಿಕೆಯ ಮೂಲಕ ಊರಿಗೆಲ್ಲ ಕೇಳಿಸುವಂತೆ ಕೇಳುತ್ತಿದ್ದೇನೆ.

ಪೆಲ್ವರ್ತ್ ಎಂದರೇನೆಂದು ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಪ್ಪೇನಿಲ್ಲ, ಅದನ್ನು ಹೆತ್ತ ಇಂಗ್ಲೆಂಡೇ ಮರೆತಿದೆ. ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿ, ತಲೆಯ ಮೇಲೆ ಬರೀ ಆಕಾಶ ಇಟ್ಟುಕೊಂಡು ಓಡಿಸುವ ಎರಡು ಸೀಟಿನ ಕಾರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆಲವೇ ವರ್ಷ ತಯಾರಿಸಿ ಕಾರ್ಖಾನೆ ಬಾಗಿಲು ಹಾಕಿತು. ಜೀವನವಿಡೀ ಶಾಲೆಯ ಬಸ್ಸು ಓಡಿಸುತ್ತಾ ತಗಡಿನ ಮಾಡಿನ ಕೆಳಗೆ ಬೆಂದವಳು ನಾನು. ನಿವೃತ್ತಿಯಾದ ಮೇಲೆ ಮಾಡೇ ಇಲ್ಲದ ಗಾಡಿಯೊಂದು ಬೇಕೆಂದು ಹಟ ಹಿಡಿದೆ. ಕಡೆಗೊಂದು ಸಿಕ್ಕಿದ್ದು ಲಾಕ್ಸ್‌ಟನ್ ಬಳಿಯ ದ್ರಾಕ್ಷಿ ತೋಟದ ಕೊಟ್ಟಿಗೆಯಲ್ಲಿ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. "ಕೋಳೀನೂ ಸೇರಿಸಿ ತಗೊಂಡ್ ಹೋಗಿ, ಎಬ್ಬಿಸೋಕೆ ನಂಗೆ ಧೈರ್ಯ ಇಲ್ಲ" ಅಂದ ಮಾರಿದವನು. ಎಂಜಿನ್ನು ಇತ್ತು, ಚಕ್ರ ಇತ್ತು, ಮುಂಗಾಜಿನ ಚೌಕಟ್ಟು ಮಾತ್ರ ಇರಲಿಲ್ಲ. ಅದೊಂದಿಲ್ಲದಿದ್ದರೆ ಗಾಜು ನಿಲ್ಲದು, ಟಾಪನ್ನು ಮುಂದೆ ಸಿಕ್ಕಿಸಲು ಜಾಗವಿಲ್ಲ, ರಸ್ತೆಗಿಳಿಸಲು ಪರವಾನಗಿಯೂ ಸಿಗದು. ಪಕ್ಕದ ಮನೆಯ ಬೆವರ್ಲಿ ಬೇಲಿಯ ಮೇಲಿಂದ ಇಣುಕಿ, "ರಿಟೈರಾದೋರೆಲ್ಲ ನಾಯಿ ಸಾಕ್ತಾರೆ ಕಣೇ ವೆರ್ನಾ, ನೀನೊಬ್ಬಳು ತುಕ್ಕು ಸಾಕ್ತಿದೀಯ" ಎಂದು ಹೀಗಳೆದಳು. ನಕ್ಕೆ. ಆಗ ನಗುವುದು ಸುಲಭವಿತ್ತು.

ಈ ದೇಶದಲ್ಲಿ ಪೆಲ್ವರ್ತ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಜನ. ನಮ್ಮಲ್ಲೊಂದು ಪದ್ಧತಿಯಿದೆ: ಬಿಡಿಭಾಗವನ್ನು ಯಾರೂ ಮಾರುವುದಿಲ್ಲ. ಇರುವವರು ಕೊಡುತ್ತಾರೆ, ಇಲ್ಲದವರು ಅದರ ಅಚ್ಚು ತೆಗೆದು ಹೊಸದು ಎರಕ ಹೊಯ್ಸಿಕೊಂಡು ಹಿಂದಿರುಗಿಸುತ್ತಾರೆ. ನನ್ನ ಕಾರಿನ ಮಾದರಿಗೆ ಹೊಂದುವ ಚೌಕಟ್ಟು ಇರುವುದು ಕ್ಲೆಮ್ ಅವರ ಕಾರಿನಲ್ಲಿ ಮಾತ್ರ ಎಂದು ಗೊತ್ತಾದಾಗ ಫೋನ್ ಮಾಡಲು ನನಗೇ ಸಂಕೋಚವಾಯಿತು. ಯಾಕೆಂದರೆ ಅವರ ಹೆಂಡತಿ ಊನಾಗೆ ಕಣ್ಣು ಕಾಣುವುದಿಲ್ಲ. ಮುಚ್ಚಿದ ಕಾರಿನಲ್ಲಿ ಕೂತರೆ ಪೆಟ್ಟಿಗೆಯೊಳಗೆ ಕೂತ ಹಾಗಾಗುತ್ತದೆ ಅನ್ನುತ್ತಾರೆ. ಭಾನುವಾರ ಬಂದರೆ ಕ್ಲೆಮ್ ಟಾಪ್ ಮಡಚಿ, ಮಾಂಸ ತುಂಬಿದ ಕಡುಬಿನಂಥ ಪೇಸ್ಟಿ ಕಟ್ಟಿಕೊಂಡು, ಅವರನ್ನು ಸಮುದ್ರದ ದಾರಿಯಲ್ಲಿ ಕರೆದೊಯ್ಯುತ್ತಿದ್ದರು. ಗೋಧಿ ಹೊಲ ಮುಗಿದದ್ದೆಲ್ಲಿ, ಉಪ್ಪುನೀರಿನ ಗಾಳಿ ಶುರುವಾದದ್ದೆಲ್ಲಿ ಎಂದು ಊನಾ ವಾಸನೆಯಲ್ಲೇ ಹೇಳುತ್ತಿದ್ದರಂತೆ.

"ನಿಮ್ಮ ಭಾನುವಾರ ಹಾಳಾಗುತ್ತಲ್ಲ" ಅಂದೆ.

"ನಾಲ್ಕು ವಾರ ಮನೇಲಿ ಕೂತ್ರೆ ಏನ್ ಗಂಟು ಹೋಗುತ್ತೆ ಹುಡುಗಿ?" ಅಂದರು ಕ್ಲೆಮ್. ಅರವತ್ತು ದಾಟಿದ ನನ್ನನ್ನು ಹುಡುಗಿ ಅನ್ನುವವರು ಜಗತ್ತಿನಲ್ಲಿ ಅವರೊಬ್ಬರೇ. "ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ನಿಂದೂ ರೋಡಿಗೆ ಬರ್ಲಿ. ಆಮೇಲೆ ಎರಡೂ ಕಾರು ಜೊತೇಲೇ ಹೋಗೋಣ. ಯಾರದ್ದು ಮುಂದೆ ಹೋಗುತ್ತೆ ನೋಡೇಬಿಡೋಣ!"

ಹಿಂದಿನಿಂದ ಊನಾ ಕೂಗಿದ್ದು ಕೇಳಿಸಿತು: "ಅವಳದ್ದೇ ಮುಂದೆ ಹೋಗುತ್ತೆ, ನಿಮ್ಮದು ಮೊದಲು ಸ್ಟಾರ್ಟ್ ಆಗ್ಲಿ!"

ನಮ್ಮ ಇನ್ನೊಂದು ಪದ್ಧತಿಯೇ ನನ್ನ ಮನೆ ಹಾಳು ಮಾಡಿತು. ದೂರದಿಂದ ಯಾರು ಯಾವ ಹೊತ್ತಿಗೆ ಬರುತ್ತಾರೋ ಗೊತ್ತಿಲ್ಲದ ಕಾರಣ, ಸಾಮಾನಿಗೆ ಹೆಸರಿನ ಚೀಟಿ ಕಟ್ಟಿ ಗೇಟಿನಾಚೆ ಅಂಚೆಡಬ್ಬಿಯ ಕೆಳಗೆ ಹುಲ್ಲಿನ ಮೇಲೆ ಇಟ್ಟುಬಿಡುತ್ತೇವೆ. ಬಂದವರು ಒಯ್ಯುತ್ತಾರೆ. ಇಷ್ಟು ವರ್ಷದಲ್ಲಿ ಒಂದು ತಿರುಪೂ ಕಳುವಾಗಿಲ್ಲ. ಎರಕದವರು ಬುಧವಾರ ಬಂದು ಒಯ್ಯುತ್ತೇನೆಂದಿದ್ದರು. ನಾನು ಕ್ಲೆಮ್ ಅವರ ಚೌಕಟ್ಟಿಗೆ ಚೀಟಿ ಕಟ್ಟಿ ಹೊರಗಿಟ್ಟು, ದಂತವೈದ್ಯರ ಬಳಿ ಹೋದೆ. ನಮ್ಮ ಬೀದಿಗೆ ನೀವು ಗೊತ್ತುಮಾಡಿದ್ದ ದೊಡ್ಡ ಕಸದ ವಾರ, ಅಂದರೆ ಮುರಿದ ಸೋಫಾ, ಸತ್ತ ಫ್ರಿಜ್ಜುಗಳನ್ನು ಜನ ಹುಲ್ಲಿನ ಮೇಲೆ ತಂದು ಹಾಕುವ ವಾರ, ಮುಂದಿನ ಸೋಮವಾರ ಶುರುವಾಗಬೇಕಿತ್ತು. ನಿಮ್ಮ ಲಾರಿ ಆ ಬುಧವಾರವೇ ಬಂತು.

ಬೆವರ್ಲಿ ಚಪ್ಪಲಿಯನ್ನೂ ಹಾಕದೆ ಓಡಿದಳಂತೆ. "ಏ ನಿಲ್ಸ್ರಪ್ಪಾ! ಅದು ಕಸ ಅಲ್ಲ ಕಣ್ರೋ, ಚೀಟಿ ಕಟ್ಟಿದೆ ನೋಡ್ರೋ!"

"ಅಮ್ಮಾ, ಚೀಟಿ ಓದೋದು ನಮ್ಮ ಕೆಲಸ ಅಲ್ಲ. ಹುಲ್ಲಿನ ಮೇಲಿದ್ರೆ ನಮ್ಮದು" ಎಂದು ಹೇಳಿ ಲಾರಿಗೆ ಎಸೆದರಂತೆ. ಆ ಸದ್ದು ಇನ್ನೂ ಕಿವಿಯಲ್ಲಿದೆ ಅನ್ನುತ್ತಾಳೆ. ತುಕ್ಕು ಎಂದು ಹೀಗಳೆದ ಬೆವರ್ಲಿ ನನ್ನ ಕೈ ಹಿಡಿದುಕೊಂಡು ಅತ್ತಳು.

ನಿಮ್ಮ ಕಚೇರಿಯ ಉತ್ತರ ಬಂತು. ದಿನಾಂಕಗಳು "ಅಂದಾಜಿನವು" ಅಂತೆ. ವಸ್ತುವಿಗೆ "ತ್ಯಾಜ್ಯದ ಮೇಲ್ನೋಟದ ಲಕ್ಷಣಗಳಿದ್ದವು" ಅಂತೆ. ಮಾನ್ಯರೇ, ಸ್ವಲ್ಪ ಸೊಟ್ಟ, ಬಣ್ಣ ಮಾಸಿದೆ, ಹಳೆಯದು. ಇಷ್ಟೇ ಲಕ್ಷಣ ಸಾಕೆಂದಾದರೆ ನಮ್ಮೂರಿನ ಅರ್ಧ ಜನ ನಿಮ್ಮ ಲಾರಿಯಲ್ಲಿರಬೇಕು. ಸಂಜೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುವುದನ್ನು ನಾನಂತೂ ಬಿಟ್ಟಿದ್ದೇನೆ. ಚೌಕಟ್ಟು ರಾಶಿಯಲ್ಲಿದೆಯೋ ಇಲ್ಲವೋ ಎಂದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತೀರಿ. ನಿಮ್ಮ ಕೌಂಟರಿನ ಹೆಂಗಸಾದರೂ ವಾಸಿ. "ನಿಮ್ಮ ಕಡೆ ಲಾರೀದು ಇನ್ನೂ ಅಲ್ಲೇ ಬಿದ್ದಿದೆ, ಯಾರೂ ಮುಟ್ಟಿಲ್ಲ" ಎಂದು ಮೆಲ್ಲಗೆ ಹೇಳಿದಳು. ಹಾಗಾದರೆ ಹುಡುಕುತ್ತೇನೆ ಎಂದರೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ, ಪೆಟ್ಟಾಗಬಹುದು ಎಂದು ನೀವು ಒಳಗಿನಿಂದ ಹೇಳಿ ಕಳಿಸಿದಿರಿ. ನಿಮ್ಮ ಕಾಳಜಿ ದೊಡ್ಡದು. ಪೆಟ್ಟಾಗಿದೆ ಸ್ವಾಮಿ, ಆಗಲೇ ಆಗಿಹೋಗಿದೆ.

ಕ್ಲೆಮ್ ಅವರಿಗೆ ಹೇಳುವುದು ಹೇಗೆಂದು ತಿಳಿಯದೆ, ಫೋನ್ ಎತ್ತಿ ಇಟ್ಟು, ಎತ್ತಿ ಇಟ್ಟು, ಕಡೆಗೆ ಹೇಳಿದೆ. ಬೈಯಲಿ, ಕಿರುಚಲಿ ಎಂದು ಕಾದೆ. "ನೀನು ಊಟ ಮಾಡಿದ್ಯಾ?" ಅಂದರು. ನಾನು ಅತ್ತುಬಿಟ್ಟೆ. "ಅಳಬೇಡ ಹುಡುಗಿ, ಹಿತ್ತಾಳೆ ತಾನೆ" ಅಂದರು. ಹಿತ್ತಾಳೆ ತಾನೆ ಎಂದವರ ದನಿ ಹಿತ್ತಾಳೆಯ ಬಗ್ಗೆ ಮಾತಾಡುವವರ ದನಿಯಾಗಿರಲಿಲ್ಲ. ಊನಾಗೆ ಫೋನ್ ಕೊಡಿ ಎಂದೆ. ಮಲಗಿದ್ದಾಳೆ ಅಂದರು. ಮಟಮಟ ಮಧ್ಯಾಹ್ನ, ಅದೂ ಭಾನುವಾರ.

ನಾನೀಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಇನ್ನು ರಸ್ತೆಗಿಳಿಯದ ಕಾರು ಇಳಿಯಬಲ್ಲ ಕಾರುಗಳಿಗೆ ಆಹಾರವಾಗಬೇಕು. ಇದೂ ನಮ್ಮಲ್ಲಿ ನಡೆದುಬಂದದ್ದು, ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹೋದ ವಾರ ನನ್ನ ಅಂಚೆಡಬ್ಬಿಯ ಕೆಳಗೊಂದು ಪೆಟ್ಟಿಗೆ ಇತ್ತು. ಒಳಗೆ ಕ್ಲೆಮ್ ಅವರ ಕಾರಿನ ಬಾಗಿಲ ಹಿಡಿಗಳು, ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದವು. ಜೊತೆಗೊಂದು ಚೀಟಿ: "ನಿಂಗೆ ಬೇಕಾದ್ದು ಇಟ್ಕೊ, ಉಳಿದದ್ದು ಬೇರೆಯವರಿಗೆ ಕೊಡು." ಎರಡು ದಿನ ಬಿಟ್ಟು ದೀಪಗಳು ಬಂದವು. ಆ ಮನುಷ್ಯ ತನ್ನ ಕಾರನ್ನು ತನ್ನ ಕೈಯಾರೆ ಬಿಚ್ಚುತ್ತಿದ್ದಾರೆ! ಫೋನ್ ಮಾಡಿ, "ನಿಲ್ಲಿಸಿ, ದಮ್ಮಯ್ಯ, ಅದು ಸಿಗುತ್ತೆ" ಅಂದೆ. "ಪುರಸಭೆಯವರು ಹುಡುಕ್ತಿದಾರಾ?" ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ತಾನೆ? ಮತ್ತೆ ಸುಮ್ನಿರು. ಇಟ್ಕೊಂಡು ನೋಡ್ತಾ ಇದ್ರೆ ಊನಾಗೆ ಸಂಕಟ. ಕಣ್ಣು ಕಾಣದಿದ್ರೂ ದಿನಾ ಹೋಗಿ ಅದನ್ನ ಮುಟ್ಟಿ ಬರ್ತಾಳೆ" ಅಂದರು.

ನನಗೆ ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ. ಯಂತ್ರ ಬರುವ ಮುಂಚೆ ಒಂದು ಬೆಳಗ್ಗೆ ನಿಮ್ಮ ಅಂಗಳದ ಬಾಗಿಲು ತೆರೆಯಿರಿ. ದಪ್ಪ ಕೈಗವಸು ನನ್ನ ಬಳಿ ಇದೆ. ಬೆವರ್ಲಿಯೂ ಬರುತ್ತಾಳೆ, ಈ ಸಲ ಬೂಟು ಹಾಕಿಕೊಂಡು. ಪೆಟ್ಟಾದರೆ ನಿಮ್ಮನ್ನು ಕೇಳುವುದಿಲ್ಲವೆಂದು ಬರೆದುಕೊಡುತ್ತೇವೆ. ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತೇವೆ. ಆದರೆ ಬೇಗ, ಮಾನ್ಯರೇ. ಇವತ್ತು ಬಂದ ಪೆಟ್ಟಿಗೆಯಲ್ಲಿ ಊನಾ ಕೂರುತ್ತಿದ್ದ ಸೀಟು ಇತ್ತು.

ಇಂತಿ,
ಎರಡು ಕಾರಿದ್ದೂ ಒಂದನ್ನೂ ಓಡಿಸಲಾಗದ,
ವೆರ್ನಾ ಶಿರ್ಮರ್