ಅವರೋ, ಅವರ ಕಾಯಿಲೆಯೋ

ಮಾರ್ಚ್ 4

ಇವತ್ತೂ ಇವರ ಗಡ್ಡ ನಾನೇ ತೆಗೆದೆ. ಗಂಡನ ಗಲ್ಲ ಎತ್ತಿ ಹಿಡಿದು, ಬ್ಲೇಡು ಕೈಯಲ್ಲಿ... ಬೇಡ, ಬರೆಯಬಾರದು. ಬರೆದರೇನಂತೆ, ಓದುವವರು ಯಾರು? ಮೂಗಿನ ಕೆಳಗೆ ಬೇಕೆಂದೇ ಸ್ವಲ್ಪ ಒತ್ತಿದೆ. ರಕ್ತ ಬರಲಿಲ್ಲ.

ನಾದಿನಿ ಬಂದಿದ್ದಳು. ಅವಳೆದುರೇ ಇವರು ನನ್ನ ತಟ್ಟೆಗೆ ಕೈ ಹಾಕಿದರು. "ಊದ್ಕೊಂಡಿದ್ದೀಯ, ತಿನ್ಬೇಡ" ಅಂದರು.

"ಪಾಪ ಅತ್ತಿಗೆ, ಅಣ್ಣ ಮಾಡ್ತಿರೋದಲ್ಲ ಇದು, ಕಾಯಿಲೆ ಮಾಡಿಸ್ತಿರೋದು. ಹಳೇದೆಲ್ಲ ಹೊಟ್ಟೆಗೆ ಹಾಕ್ಕೊಂಡ್ಬಿಡಿ."

ನನ್ನ ಹೊಟ್ಟೆಯೇನು ಗೋದಾಮೇ?

ಮಾರ್ಚ್ 11

ಆಸ್ಪತ್ರೆ. ನರರೋಗದ ಡಾಕ್ಟರಮ್ಮ. ಅರಳು ಮರಳಿಗೆ ಕಾರಣ ಒಂದೇ ಕಾಯಿಲೆಯಲ್ಲವಂತೆ, ಹಲವು. ಸೊಂಟಕ್ಕೆ ಸೂಜಿ ಹಾಕಿ ಬೆನ್ನುಹುರಿಯ ನೀರು ತೆಗೆದರು. ಅದರೊಳಗಿನ ಪ್ರೋಟೀನ್ ನೋಡಿ ಯಾವುದೆಂದು ಹೇಳುತ್ತಾರಂತೆ.

ನಾನು ಕೇಳಿದ್ದು ಒಂದೇ. "ಶುರುವಾಗಿ ಎಷ್ಟು ವರ್ಷ ಆಗಿರ್ಬಹುದು?"

"ಆಲ್ಜೈಮರ್ ಆದ್ರೆ ಸಾಮಾನ್ಯವಾಗಿ ಮೊದಲು ಮರೆವು. ಅದು ಇವ್ರಿಗೆ ಶುರುವಾಗಿದ್ದು ಈಚೆಗೆ ತಾನೆ? ಮೆದುಳಿನ ಮುಂಭಾಗದ ಕಾಯಿಲೆ ಆದ್ರೆ ಬೇರೆ. ಮೊದಲು ಗುಣ ಕೆಡುತ್ತೆ. ವರ್ಷಗಟ್ಟಲೆ ಮನೆಯವ್ರು ಸೊಕ್ಕು ಅಂದ್ಕೊಂಡಿರ್ತಾರೆ."

ದೇವರೇ, ಆಲ್ಜೈಮರೇ ಆಗಲಿ.

ಮಾರ್ಚ್ 12

ಎಂಟು ವರ್ಷದ ಹಿಂದಿನ ಮಾತು. ಇವರ ಮೇಲಧಿಕಾರಿಗಳು ಊಟಕ್ಕೆ ಬಂದಿದ್ದರು. ಅಮ್ಮನಿಗೆ ಉಸಿರು ಕಟ್ಟುತ್ತಿದೆ ಎಂದು ತಮ್ಮನ ಫೋನ್. ಎತ್ತಿದ್ದು ಇವರು. ಅತಿಥಿಗಳು ಉಂಡು, ಕೈ ತೊಳೆದು, ಹೋದ ಮೇಲೆ ನನಗೆ ಹೇಳಿದರು. ನಾನು ತಲುಪುವಷ್ಟರಲ್ಲಿ ಅಮ್ಮನ ಮುಖ ಮುಚ್ಚಿದ್ದರು.

ಅಂದಿನಿಂದ ಕಾದಿದ್ದೇನೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವರು ಕುಡಿಯುವ ಹೊತ್ತಿಗೆ ಸರಿಯಾಗಿ, ಉಪ್ಪು ತಿಂದದ್ದು ಇವರಲ್ಲ, ಕಾಯಿಲೆ ಅಂದುಬಿಟ್ಟರೆ? ಬಿಡುವುದಿಲ್ಲ ನಾನು.

ಏಪ್ರಿಲ್ 2

ರಿಪೋರ್ಟ್ ಬಂತು. ಆಲ್ಜೈಮರ್ ತೋರಿಸುವ ಪ್ರೋಟೀನ್‌ಗಳೆಲ್ಲ ಇರಬೇಕಾದಷ್ಟೇ ಇವೆ. ನರ ಸವೆದಾಗ ಸೋರುವ ಪ್ರೋಟೀನ್ ಮಾತ್ರ ವಿಪರೀತ. ಸ್ಕ್ಯಾನ್‌ನಲ್ಲಿ ಮೆದುಳಿನ ಮುಂಭಾಗ ಕುಗ್ಗಿದೆ. ಅಂದರೆ ಅದೇ — ಗುಣ ಕೆಡಿಸುವುದು.

"ಎಂಟು ವರ್ಷದ ಹಿಂದೇನೇ ಇತ್ತಾ?"

"ಇದ್ದಿರ್ಬಹುದಮ್ಮ, ಇಲ್ದೇನೂ ಇರ್ಬಹುದು. ಅದನ್ನ ಈ ಟೆಸ್ಟ್ ಹೇಳಲ್ಲ."

ನಾದಿನಿ ಕಾರಿಡಾರ್‌ನಲ್ಲೇ ಅತ್ತಳು. "ನೋಡಿದ್ರಾ ಅತ್ತಿಗೆ, ನಾನು ಹೇಳ್ಲಿಲ್ವಾ?" ಕೆನ್ನೆಗೆ ಬಾರಿಸಬೇಕೆನಿಸಿತು. ಇಷ್ಟು ವರ್ಷ ಸಾಕಿ ಸಲಹಿದ ಸಿಟ್ಟು. ಯಾರ ಮೇಲೆ ತೀರಿಸಲಿ? ಪ್ರೋಟೀನ್ ಮೇಲೆ?

ಏಪ್ರಿಲ್ 19, ಮಧ್ಯಾಹ್ನ

ಹಳೆಯ ನೆನಪು ಇವರಿಗೆ ಇನ್ನೂ ಗಟ್ಟಿಯಾಗಿದೆ, ಹೋಗಿರುವುದು ನಾಚಿಕೆ ಮತ್ತು ಮರುಕ — ಡಾಕ್ಟರಮ್ಮ ಅಂದದ್ದು. ಹಾಗಾದರೆ ಇವರನ್ನೇ ಕೇಳಿಬಿಡೋಣ ಎಂದು ಎದುರು ಕೂತೆ.

"ಅಮ್ಮಂಗೆ ಸೀರಿಯಸ್ಸು ಅಂತ ಫೋನ್ ಬಂದಿತ್ತಲ್ಲ, ನೆನಪಿದ್ಯಾ?"

"ಬಂದಿತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ. ಬಡಿಸೋರು ಯಾರು?"

ಮುಖದಲ್ಲಿ ಏನೂ ಇಲ್ಲ. ಇದು ಅಂದಿನ ಗಂಡನ ಮಾತೋ, ಇಂದಿನ ಕಾಯಿಲೆಯ ಮಾತೋ? ಯಾವ ಸೂಜಿಯಿಂದ ತೆಗೆದು ನೋಡಲಿ?

"ಹಸಿವು. ಬಡಿಸು" ಅಂದರು.

ಬಡಿಸಲಿಲ್ಲ. ಅಡುಗೆಮನೆಗೆ ಬೀಗ ಜಡಿದು, ಈ ಕೋಣೆಗೆ ಬಂದು ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಹೊರಗೆ ತಟ್ಟೆ ಬಡಿಯುತ್ತಿದ್ದಾರೆ. ಬಡಿಯಲಿ. ಹಸಿದಿರುವುದು ಅವರಾದರೂ ಸರಿ, ಕಾಯಿಲೆಯಾದರೂ ಸರಿ. ಒಬ್ಬರಾದರೂ ಕಾಯಲಿ, ಒಂದು ಮಧ್ಯಾಹ್ನವಾದರೂ. ಈಗ ಹೆಸರು ಹಿಡಿದು ಕೂಗುತ್ತಿದ್ದಾರೆ... ಬೀಗದ ಕೈ ನನ್ನ ಮುಷ್ಟಿಯಲ್ಲೇ ಇದೆ. ಏಳುವುದಿಲ್ಲ. ಇವತ್ತು ನಾನು ಏಳು—