ಜೇಬೆಜನ ಪಬ್ಬಿನ ಹುಳಿ ಬಿಯರು

ಬರ್ಸ್ಲೆಮ್,
೧೬ ಮಾರ್ಚ್ ೧೯೭೧, ಮಂಗಳವಾರ

ಪ್ರೀತಿಯ ತಂಗಿ ಥರ್ಜಾಗೆ,

ನಿನ್ನ ಮೊಣಕಾಲು ಈಗ ಹೇಗಿದೆ? ಅಂಚೆಯವರ ಮುಷ್ಕರ ಮುಗಿದು ಒಂದು ವಾರವಾಯಿತು, ಜನವರಿಯಲ್ಲಿ ನೀನು ಬರೆದ ಕಾಗದ ನನ್ನ ಕೈಸೇರಿದ್ದು ನಿನ್ನೆ. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಬರೆದಿದ್ದೀಯ. ಹಾಗಿದ್ದರೆ ಹತ್ತಬೇಡ, ಮಂಚವನ್ನು ಕೆಳಗೆ ಹಾಕಿಸಿಕೋ. ಎಡ್ಗರ್‌ಗೆ ಹೇಳಿದರೆ, ಕಟ್ಟಿಕೊಂಡ ಹೆಂಡತಿಗೆ ಇಷ್ಟು ಮಾಡಿಸದೆ ಇರುತ್ತಾರೆಯೇ? ಊರಿಗೆಲ್ಲ ಉಪದೇಶ ಮಾಡುವ ಪಾದ್ರಿಗಳು ಒಂದು ಮಂಚ ಇಳಿಸಲಾರರೇ? ರಾತ್ರಿ ಬೆಚ್ಚಗೆ ಫ್ಲಾನೆಲ್ ಸುತ್ತಿಕೊಂಡು ಮಲಗು. ಹೆಮ್ಮೆಗೆ ಬಿದ್ದು ಕೋಲು ಹಿಡಿಯದೆ ಓಡಾಡಬೇಡ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ನನಗೆ ಬೆನ್ನು ಸ್ವಲ್ಪ ಹಿಡಿಯುತ್ತದೆ ಅನ್ನುವುದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಓಟ್‌ಕೇಕಿನ ಅಂಗಡಿ ಬಿಟ್ಟುಕೊಟ್ಟು ಎರಡು ವರ್ಷವಾದರೂ ಬೆಳಗಿನ ನಾಲ್ಕಕ್ಕೇ ಎಚ್ಚರ. ಎದ್ದು ಏನು ಮಾಡಲಿ, ಹಿಟ್ಟು ಕಲಸುವಂತಿಲ್ಲ, ಹೆಂಚು ಕಾಯಿಸುವಂತಿಲ್ಲ. ಸುಮ್ಮನೆ ಕಿಟಕಿಯಲ್ಲಿ ಕೂತು ಕತ್ತಲು ನೋಡುವುದು.

ಈಗ ನೀನು ಎಲ್ಲಾದರೂ ಕೂತುಕೋ. ನಾನು ಪಬ್ಬಿಗೆ ಹೋಗಿದ್ದೆ. ಹೌದು, ನಮ್ಮ ಒಡಹುಟ್ಟಿದ ಜೇಬೆಜನ ಪಬ್ಬಿಗೇ. ಈ ಕಾಗದವನ್ನು ಒಲೆಗೆ ಹಾಕುವುದಿದ್ದರೆ ಪೂರ್ತಿ ಓದಿ ಹಾಕು, ಅರ್ಧಕ್ಕೆ ಹಾಕಬೇಡ. ಅವನು ಆ ಪಬ್ಬು ಹಿಡಿದು ಇಪ್ಪತ್ತಾರು ವರ್ಷವಾಯಿತು, ನೀನು ಅವನ ಹೆಸರು ಬರೆಯದೆಯೂ ಅಷ್ಟೇ ವರ್ಷ. ನಿನ್ನ ಕೋಪ ಸುಳ್ಳು ಎಂದು ನಾನು ಯಾವತ್ತೂ ಅಂದವಳಲ್ಲ. ಅಪ್ಪನ ಬಿಯರಿನ ಬಾಟಲಿ ನಿನ್ನ ಕೈಜಾರಿ ಒಡೆದಾಗ ನಿನಗೆ ಆರು ವರ್ಷ. ಆ ಗಾಜನ್ನೆಲ್ಲ ಬರಿಗೈಯಲ್ಲಿ ಆರಿಸು ಎಂದು ಅಪ್ಪ ನಿಂತು ನೋಡುತ್ತಿದ್ದದ್ದು ನನಗೂ ಕಣ್ಣಿಗೆ ಕಟ್ಟಿದೆ. ಆ ಭಾನುವಾರವೇ ಅಮ್ಮ ನಮ್ಮ ಮೂವರನ್ನೂ ಚಾಪೆಲ್ಲಿಗೆ ಕರೆದುಕೊಂಡು ಹೋಗಿ, ಬದುಕಿರುವ ತನಕ ಒಂದು ಹನಿ ಮುಟ್ಟುವುದಿಲ್ಲ ಎಂದು ಪ್ರತಿಜ್ಞೆ ಬರೆಸಿದಳು. ನಿನ್ನ ಬ್ಯಾಂಡೇಜಿನ ಕೈ ಹಿಡಿದು ಬರೆಸಿದವಳು ನಾನೇ. ಜೇಬೆಜ್ ಆ ಮಾತು ಮುರಿದ. ಸರಿ, ಮುರಿದ. ಆದರೆ ಹೋದ ವರ್ಷ ಓಲಿವ್ ತೀರಿಕೊಂಡಾಗ ನೀನು ನನಗೆ ಎರಡು ಪುಟ ಬರೆದೆ, ಹೆಂಡತಿ ಸತ್ತವನಿಗೆ ಒಂದು ಸಾಲೂ ಇಲ್ಲ. ಅವನು ಬಾಯಿಬಿಟ್ಟು ಕೇಳಲಿಲ್ಲ. ನನ್ನ ಮನೆಗೆ ಬಂದಾಗಲೆಲ್ಲ ಕಪಾಟಿನ ಮೇಲಿನ ನಿನ್ನ ಕಾಗದಗಳ ಕಡೆ ಒಂದು ಸಲ ನೋಡುತ್ತಿದ್ದ. ಅದು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿದೆ, ಇವತ್ತು ಹೇಳಿಬಿಟ್ಟೆ.

ನಾನು ಹೋದದ್ದು ಹೀಗೆ. ಪ್ರತಿ ಭಾನುವಾರ ಅವನು ನನ್ನಲ್ಲಿಗೆ ಚಹಾಕ್ಕೆ ಬರುತ್ತಾನಲ್ಲ, ಜನವರಿಯಲ್ಲಿ ಜ್ವರ ಬಂದು ಮಲಗಿದವನು ಎದ್ದ ಮೇಲೂ ಬರಲಿಲ್ಲ. ಒಂದಲ್ಲ ಒಂದು ನೆಪ. ಕೊನೆಗೆ ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ನಾನೇ ಟೋಪಿ ಇಟ್ಟುಕೊಂಡು ಹೊರಟೆ. ಹಿಂಬೀದಿಯ ಮೂಲೆ ತಿರುಗಿ 'ಥ್ರೀ ಜಗ್ಸ್' ಎಂಬ ಬೋರ್ಡಿನ ಕೆಳಗೆ ನಿಂತಾಗ ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದ್ದು ನಿಜ. ಚಾಪೆಲ್ಲಿನ ಭಾನುವಾರದ ತರಗತಿಯಲ್ಲಿ ಮೂವತ್ತೆಂಟು ವರ್ಷದಿಂದ ಮಕ್ಕಳ ಕೈಯಲ್ಲಿ ಅದೇ ಪ್ರತಿಜ್ಞೆ ಬರೆಸುತ್ತ ಬಂದ ಟೀಚರಮ್ಮ ಹಾಡಹಗಲಲ್ಲಿ ಪಬ್ಬಿನ ಬಾಗಿಲು ತಳ್ಳುವುದೆಂದರೇನು! ಒಳಗೆ ಕಾಲಿಟ್ಟೆ ನೋಡು, ನಾನು ಅಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ನರಕ ಅಲ್ಲಿರಲಿಲ್ಲ. ಹಿತ್ತಾಳೆಯ ಕಂಬಿಯಲ್ಲಿ ಮುಖ ಕಾಣುತ್ತಿತ್ತು. ಬೆಂಚುಗಳು ಸವೆದು ಸವೆದು ನುಣುಪಾಗಿದ್ದವು, ಒಲೆಯಲ್ಲಿ ಕಲ್ಲಿದ್ದಲು ಕೆಂಪಗೆ ಉರಿಯುತ್ತಿತ್ತು, ಅದರ ಮುಂದೆ ಒಂದು ಮುದಿ ನಾಯಿ ಮೈಚಾಚಿತ್ತು. ಸಂಗೀತವಿಲ್ಲ, ಕಿರುಚಾಟವಿಲ್ಲ. ಕುಂಬಾರಿಕೆ ಕಾರ್ಖಾನೆಗಳಿಂದ ನಿವೃತ್ತರಾದ ಏಳು ಜನ ಮುದುಕರು ಡೊಮಿನೊ ಆಡುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಏಳೂ ಟೋಪಿ ತಲೆಯಿಂದ ಇಳಿದವು, ಒಲೆಯ ಪಕ್ಕದ ಜಾಗ ಖಾಲಿಯಾಯಿತು. ನಮ್ಮ ಚಾಪೆಲ್ಲಿನಲ್ಲಿ ತಡವಾಗಿ ಹೋದರೆ ಯಾರಾದರೂ ಹೀಗೆ ಸರಿದು ಕೂರುತ್ತಾರೆಯೇ, ನೀನೇ ಹೇಳು. ಜೇಬೆಜ್ ಬಿಳಿ ಏಪ್ರನ್ ಕಟ್ಟಿ, ಗ್ಲಾಸು ಇಡುವ ಕಟ್ಟೆಯ ಹಿಂದೆ, ನೆಲಮಾಳಿಗೆಯ ಪೀಪಾಯಿಯಿಂದ ಬಿಯರು ಎಳೆಯುವ ಕೈಪಂಪು ಹಿಡಿದು ನಿಂತಿದ್ದ. ಕಪ್ಪನೆಯ ಬಿಯರೊಂದು, ಕಹಿಯದೊಂದು, ಚಳಿಗಾಲಕ್ಕೆಂದೇ ಗಟ್ಟಿಯದೊಂದು. ಎಲ್ಲ ಇದೇ ಊರಿನಲ್ಲಿ, ಎರಡು ಬೀದಿ ಆಚೆ ಕುದಿಸಿದ್ದು. ಅವನು ಪಂಪು ಎಳೆಯುವ ನಿಧಾನ, ನೊರೆ ಇಳಿಯುವ ತನಕ ಕಾಯುವ ತಾಳ್ಮೆ, ಇದನ್ನೆಲ್ಲ ನೋಡಿ ನನಗೆ ಅಮ್ಮ ಹೆಂಚಿನ ಮುಂದೆ ನಿಲ್ಲುತ್ತಿದ್ದದ್ದು ನೆನಪಾಯಿತು. ನನ್ನನ್ನು ನೋಡಿ ಅವನ ಕಣ್ಣು ತುಂಬಿತು. ಒಂದು ಜಿಂಜರ್ ಬಿಯರು ತಂದಿಟ್ಟ. ಹೆಸರಿಗಷ್ಟೇ ಬಿಯರು ಅದು, ಶುಂಠಿಯ ಸಿಹಿನೀರು, ಹೆದರಬೇಡ.

ಕೂತು ಎರಡು ನಿಮಿಷವಾಗಿರಲಿಲ್ಲ, ನನ್ನ ಮೂಗಿಗೆ ಹುಳಿ ಬಡಿಯಿತು. ಈರುಳ್ಳಿ ಉಪ್ಪಿನಕಾಯಿಯ ಜಾಡಿ ಇರಬೇಕು ಅಂದುಕೊಂಡೆ, ಆದರೆ ಅದರ ಮುಚ್ಚಳ ಬಿಗಿಯಾಗಿತ್ತು. ಮೂವತ್ತು ವರ್ಷ ಹುದುಗು ಹಿಟ್ಟಿನ ಜೊತೆ ಬಾಳಿದವಳು ನಾನು, ಹಿಟ್ಟು ಕೆಟ್ಟಿದೆಯೋ ಇಲ್ಲವೋ ಬೀದಿಯಿಂದಲೇ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಸ್ಯಾಂಪ್ಸನ್ ಬ್ಲೋರ್ ಎಂಬವನ ಗ್ಲಾಸಿನ ಕಡೆ ಸ್ವಲ್ಪ ಬಾಗಿದೆ. ಬಿಯರಲ್ಲ ಅದು, ವಿನೆಗರ್! ಅವನು ಒಂದು ಗುಟುಕು ನುಂಗಿದ, ಕಣ್ಣು ಮುಚ್ಚಿ ತೆರೆದ, ಮೀಸೆ ಒರೆಸಿಕೊಂಡು ಜೇಬೆಜನ ಕಡೆ ನೋಡಿ ಮುಗುಳ್ನಕ್ಕ. ಆಮೇಲೆ ಗಮನಿಸಿದರೆ ಏಳೂ ಜನ ಅದನ್ನೇ ಮಾಡುತ್ತಿದ್ದಾರೆ. ಜೇಬೆಜ್ ಹೊಸ ಪೀಪಾಯಿ ನೋಡಲು ನೆಲಮಾಳಿಗೆಗೆ ಇಳಿದದ್ದೇ ತಡ, ಇದು ಕೆಟ್ಟಿದೆಯಲ್ಲ, ಯಾಕೆ ಹೇಳುವುದಿಲ್ಲ ಎಂದು ಸ್ಯಾಂಪ್ಸನ್ನನ್ನು ಕೇಳಿಯೇಬಿಟ್ಟೆ. ಅವನು ಬಾಯಿಯ ಮೇಲೆ ಬೆರಳಿಟ್ಟುಕೊಂಡ. "ದಮ್ಮಯ್ಯ, ಸುಮ್ನಿರಿ ಮಿಸ್ ಕೋಕ್ಲಿ. ನಮಗೆಲ್ಲ ಗೊತ್ತು. ಅವನಿಗೆ ಹೆಂಡ್ತಿ ಹೋದ್ಲು, ಈಗ ಮೂಗೂ ಹೋಗಿದೆ. ಉಳಿದಿರೋದು ಈ ಪಬ್ಬೊಂದು. ಅದನ್ನೂ ನಾವೇ ಕಿತ್ಕೋಬೇಕಾ?" ಅಂದ. ಮೂಗು ಹೋದದ್ದು ಇವರಿಗೆ ತಿಳಿದದ್ದು ಹೇಗೆಂದರೆ, ಒಲೆಯ ಹತ್ತಿರ ಒಣಗಲು ಹಾಕಿದ್ದ ಬಟ್ಟೆ ಸುಟ್ಟು ಇಡೀ ಕೋಣೆ ಕಮಟು ಹೊಡೆಯುತ್ತಿದ್ದರೂ ಪಕ್ಕದಲ್ಲೇ ನಿಂತ ಜೇಬೆಜನಿಗೆ ಗೊತ್ತಾಗಲಿಲ್ಲವಂತೆ. ಮೂಗಿಲ್ಲದವನು ಪಬ್ಬು ನಡೆಸಬಾರದು, ಬೀಗದ ಕೈಯನ್ನು ಪಬ್ಬಿನ ಒಡೆಯರಾದ ಬ್ರೂವರಿಯವರಿಗೆ ಕೊಟ್ಟು ಎದ್ದು ಹೋಗಬೇಕು ಎಂದು ಅವನೇ ಇಪ್ಪತ್ತು ವರ್ಷದಿಂದ ಎಲ್ಲರೆದುರು ಹೇಳುತ್ತ ಬಂದವನು. ಹೇಳಿದಂತೆ ಮಾಡುವವನು ಬೇರೆ. ಅದಕ್ಕೇ ಇವರೊಂದು ಕಟ್ಟು ಮಾಡಿಕೊಂಡಿದ್ದಾರೆ: ಯಾರೂ ಗ್ಲಾಸಿನ ತಳದಲ್ಲಿ ಉಳಿಸುವಂತಿಲ್ಲ, ಏಕೆಂದರೆ ಜೇಬೆಜ್ ತಳ ನೋಡುತ್ತಾನೆ. ಹೊರಗಿನವರು ಒಂದು ಗುಟುಕು ಕುಡಿದು ಎದ್ದು ಹೋದರೆ ಮತ್ತೆ ಬರುತ್ತಿರಲಿಲ್ಲ. ಜನ ಕಡಿಮೆಯಾದಂತೆ ಪೀಪಾಯಿ ಬೇಗ ಖಾಲಿಯಾಗದು, ಇನ್ನಷ್ಟು ಹುಳಿಯಾಗುವುದು, ಅದನ್ನು ಈ ಏಳು ಜನವೇ ಕುಡಿಯುವುದು. ಸ್ಯಾಂಪ್ಸನ್ನನ ಹೊಟ್ಟೆಯಲ್ಲಿ ಹುಣ್ಣಿದೆ, ಥರ್ಜಾ. ಕುಡಿಯುವವರ ಬಗ್ಗೆ ನಾನು ಜೀವಮಾನವೆಲ್ಲ ಮಕ್ಕಳಿಗೆ ಏನೇನು ಪಾಠ ಹೇಳಿದ್ದೆನೋ ಅದನ್ನೆಲ್ಲ ಆ ಜಿಂಜರ್ ಬಿಯರಿನ ಜೊತೆ ನುಂಗಿಕೊಂಡೆ.

ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಹೇಳಿದರೆ ಅವನು ಪಬ್ಬು ಬಿಡುತ್ತಾನೆ, ಹೇಳದಿದ್ದರೆ ಪಬ್ಬೇ ಅವನನ್ನು ಬಿಡುತ್ತದೆ. ಕೊನೆಗೆ, ಒಡಹುಟ್ಟಿದವಳು ಹೇಳದೆ ಇನ್ಯಾರು ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿ ಮರುದಿನ ಹತ್ತು ಗಂಟೆಗೆ ಹಿಂಬಾಗಿಲಿನಿಂದ ನೆಲಮಾಳಿಗೆಗೆ ಇಳಿದೆ. ತಣ್ಣಗಿನ ಸುಣ್ಣದ ಗೋಡೆ, ಮರದ ದಿಮ್ಮಿಗಳ ಮೇಲೆ ಮಲಗಿದ ಪೀಪಾಯಿಗಳು, ಅವುಗಳ ನೆತ್ತಿಗೆ ಉಸಿರಾಡಲೆಂದು ಹೊಡೆದ ಪುಟ್ಟ ಗೂಟ. ತೊಟ್ಟಿಲ ಮಕ್ಕಳನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದಾನೆ. ಪೀಪಾಯಿ ಬಂದ ಮೇಲೆ ಎರಡು ದಿನ ಅಲುಗಿಸುವಂತಿಲ್ಲವಂತೆ, ಅದಕ್ಕೆ ನಾನು ಕೂಡ ತುದಿಗಾಲಲ್ಲಿ ನಡೆದೆ. ಅವನು ಸಣ್ಣ ಗ್ಲಾಸಿಗೆ ಸ್ವಲ್ಪ ಹಿಡಿದು, ದೀಪಕ್ಕೆ ಎತ್ತಿ, ಮೂಸಿ, ಸರಿಯಿದೆ ಎನ್ನುವಂತೆ ತಲೆಯಾಡಿಸಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ನೆನಪಿಗೆ ಬರಲಿಲ್ಲ. "ಜೇಬೆಜ್, ಅದು ವಿನೆಗರ್ ಕಣೋ," ಅಂದೆ.

ಅವನು ಗ್ಲಾಸನ್ನು ಪೀಪಾಯಿಯ ಮೇಲಿಟ್ಟ. "ನಂಗೆ ಗೊತ್ತಾಗಲ್ಲ ಅಕ್ಕ. ಜ್ವರ ಬಂದು ಹೋದಾಗಿಂದ ನೀರೂ ಒಂದೇ, ಬಿಯರೂ ಒಂದೇ," ಅಂದ. ಹಾಗಾದರೆ ಇಷ್ಟು ದಿನ ಯಾವ ಧೈರ್ಯದ ಮೇಲೆ ಮಾರಿದೆ ಎಂದು ಕೇಳಿದೆ. ಅವರ ಮುಖ ನೋಡಿ, ಅಂದ. ಇಪ್ಪತ್ತಾರು ವರ್ಷದಿಂದ ಕಟ್ಟೆಯ ಈಚೆ ನಿಂತು ಅವರ ಮುಖ ಓದಿದ್ದೇನೆ, ಬಿಯರು ಒಂಚೂರು ಕೆಟ್ಟರೂ ಅವರ ಹುಬ್ಬು ಹೇಳುತ್ತಿತ್ತು, ಈಗಲೂ ಹೇಳುತ್ತದೆಂದು ನಂಬಿದ್ದೆ, ದಿನಾ ನಗುತ್ತಿದ್ದರಲ್ಲ, ಅಂದ. ಅವರೆಲ್ಲ ಒಪ್ಪಂದ ಮಾಡಿಕೊಂಡು ನಕ್ಕದ್ದನ್ನು ನಾನು ಹೇಳಬೇಕಾಯಿತು. ಮೂಗಿನ ಮಾತಿಗೆ ಅಲುಗದವನ ಮುಖ ಆಗ ಇಳಿದುಹೋಯಿತು. "ಸ್ಯಾಂಪ್ಸನ್ನಿಗೆ ಹೊಟ್ಟೇಲಿ ಹುಣ್ಣಿದೆ. ಅವನೂ ಕುಡಿದನಾ?" ಅಂದ. ದಿನಕ್ಕೆ ಎರಡು ಗ್ಲಾಸು ಅಂದೆ. ಅವನು ಆ ಪೀಪಾಯಿಗಳ ಎದುರು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ, ಥರ್ಜಾ. ಓಲಿವ್‌ಳ ಮಣ್ಣಿನಲ್ಲೂ ಹಾಗೆ ಅತ್ತಿರಲಿಲ್ಲ. ತಿಂಗಳ ಕೊನೆಗೆ ಬೀಗದ ಕೈ ಕೊಡುತ್ತೇನೆಂದು ಬ್ರೂವರಿಯವರಿಗೆ ಅವತ್ತೇ ಕಾಗದ ಬರೆಯುತ್ತೇನೆ ಅಂದ. ನಾನು ಪೀಪಾಯಿಯ ಮೇಲಿದ್ದ ಗ್ಲಾಸು ಎತ್ತಿಕೊಂಡು, ನಿನಗೆ ಮೂಗಿಲ್ಲದಿದ್ದರೆ ನನಗಿದೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಲು ಕೆಲಸವಿಲ್ಲದೆ ಕೂತಿದ್ದೇನೆ, ನಾಳೆಯಿಂದ ಬಂದು ಮೂಸುತ್ತೇನೆ ಅಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನನಗೇ ಗಾಬರಿಯಾಯಿತು.

ಆ ದಿನವೇ ಮೂರು ಪೀಪಾಯಿ ಚರಂಡಿಗೆ ಸುರಿದೆವು. ಈಗ ಚಿಕ್ಕ ಪೀಪಾಯಿ ತರಿಸುತ್ತಾನೆ, ಕೆಡುವ ಮೊದಲೇ ಖಾಲಿಯಾಗುತ್ತದೆ. ಏಳು ಜನರನ್ನೂ ಕರೆದು, ಇನ್ನು ಮೇಲೆ ಕೆಟ್ಟ ಬಿಯರು ಕುಡಿದು ನನ್ನೆದುರು ನಕ್ಕವನಿಗೆ ಈ ಬಾಗಿಲು ಬಂದ್, ಕೆಟ್ಟಿದ್ದರೆ ತಂದು ಕಟ್ಟೆಯ ಮೇಲಿಡಿ ಅಂದ. ಆರು ವಾರ ಹೊಟ್ಟೆ ಸುಟ್ಟುಕೊಂಡದ್ದು ದಂಡವಾಯಿತಲ್ಲ ಎಂದು ಸ್ಯಾಂಪ್ಸನ್ ನನ್ನ ಮೇಲೆ ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ತಾನೇ ಬಂದು, ಚೀಸ್ ಇಟ್ಟು ಮಡಚಿದ ಓಟ್‌ಕೇಕು ಕೊಟ್ಟ, ನಾನು ಮಾಡುತ್ತಿದ್ದಷ್ಟು ಚೆನ್ನಾಗಿಲ್ಲ ಎಂದೂ ಹೇಳಿದ. ನಾನು ದಿನಾ ಹತ್ತಕ್ಕೆ ಹೋಗುತ್ತೇನೆ, ಮೂರು ಗ್ಲಾಸು ಮೂಸುತ್ತೇನೆ, ಹೌದು ಅಥವಾ ಇಲ್ಲ ಅನ್ನುತ್ತೇನೆ, ಹನ್ನೊಂದಕ್ಕೆ ಬಾಗಿಲು ತೆರೆಯುವ ಮೊದಲು ಮನೆಗೆ ಬರುತ್ತೇನೆ. ಮೂಸಿದರೆ ಕುಡಿದ ಹಾಗಾಗುವುದಿಲ್ಲ, ಅದು ನಿನಗೂ ಗೊತ್ತು. ಅಪ್ಪ ಕುಡಿದದ್ದೂ ಬಿಯರೇ, ಇಲ್ಲಿರುವುದೂ ಬಿಯರೇ. ಆದರೆ ಇಲ್ಲಿ ಎರಡು ಗ್ಲಾಸಿಗೆ ಮೂರು ತಾಸು ಕೂತು, ಒಬ್ಬರ ಕಷ್ಟ ಒಬ್ಬರು ಕೇಳಿ, ಟೋಪಿ ಇಟ್ಟುಕೊಂಡು ಹೆಂಡತಿಯ ಊಟಕ್ಕೆ ಮನೆಗೆ ಹೋಗುತ್ತಾರೆ. ನನ್ನ ತಮ್ಮ ಕಟ್ಟಿದ ಜಾಗ ಅದು ಎಂದು ನನಗೆ ಹೆಮ್ಮೆಯಾಗುತ್ತದೆ. ಬರೆದುಬಿಟ್ಟೆ, ಏನು ಅಂದುಕೊಳ್ಳುತ್ತೀಯೋ ಅಂದುಕೋ.

ಎಡ್ಗರ್‌ಗೆ ನನ್ನ ನಮಸ್ಕಾರ, ಮೊಮ್ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ದೇವರು ನಿನ್ನ ಮೊಣಕಾಲಿಗೂ ಮನಸ್ಸಿಗೂ ನೆಮ್ಮದಿ ಕೊಡಲಿ. ಕೋಲು ಹಿಡಿದು ನಡೆ.

ನಿನ್ನ ಅಕ್ಕ,
ಕೆಜಾಯಾ

ಮರೆತಿದ್ದು: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಬರೀ ಮೂಸಿದರೆ ಸಾಲದು. ಮೊದಲ ವಾರವೇ ನಾನು ಮೂಸಿ ಸರಿಯಿದೆ ಅಂದ ಬಿಯರನ್ನು ಸ್ಯಾಂಪ್ಸನ್ ತಂದು ಕಟ್ಟೆಯ ಮೇಲಿಟ್ಟ, ಆಗಷ್ಟೇ ಕೆಡಲು ಶುರುವಾದದ್ದು ಮೂಗಿಗೆ ಸಿಗದು, ನಾಲಿಗೆಯ ಹಿಂದೆ ಸಿಗುತ್ತದಂತೆ. ಅವತ್ತಿನಿಂದ ಒಂದೊಂದು ಗುಟುಕು ಕುಡಿಯುತ್ತಿದ್ದೇನೆ. ಉಗುಳಿ ನೋಡಿದೆ, ಆಗುವುದಿಲ್ಲ, ನುಂಗಲೇಬೇಕು. ಇನ್ನು ಮಕ್ಕಳ ಮುಂದೆ ಪ್ರತಿಜ್ಞೆಯ ಪುಸ್ತಕ ಹಿಡಿದು ನಿಲ್ಲಲು ನನಗೆ ಮುಖವಿಲ್ಲ, ಭಾನುವಾರದ ತರಗತಿ ಬಿಡುತ್ತೇನೆಂದು ನಿನ್ನೆ ನಮ್ಮ ಚಾಪೆಲ್ಲಿನ ಪಾದ್ರಿಗಳಿಗೆ ಬರೆದುಕೊಟ್ಟೆ. ಆ ಕೋಣೆಯ ಬೀಗ ಹಾಕಿ ಬರುವಾಗ ಅತ್ತೆ. ಆದರೂ ಇವತ್ತು ಬೆಳಿಗ್ಗೆ ಹತ್ತಕ್ಕೆ ಹೋದೆ. ಈಗ ಕೇಳು ತಂಗಿ. ಮಾತು ಮುರಿದವರ ಜೊತೆ ಮಾತಿಲ್ಲ ಎಂದು ನೀನು ಅವನನ್ನು ಬಿಟ್ಟೆ. ಈಗ ನಾನೂ ಮುರಿದವಳು. ಬಿಡುವುದಾದರೆ ನನ್ನನ್ನೂ ಬಿಡು, ಇಲ್ಲವಾದರೆ ಇಬ್ಬರಿಗೂ ಬರೆ. ಉದ್ದ ಬೇಡ, ನಾಲ್ಕು ಸಾಲು ಸಾಕು, ಅದರಲ್ಲಿ ಓಲಿವ್‌ಳ ಹೆಸರಿರಲಿ. ಲಕೋಟೆಯ ಮೇಲೆ ಪಬ್ಬಿನ ಹೆಸರು ಬರೆಯಲು ಕೈ ಬಾರದಿದ್ದರೆ ನನ್ನ ವಿಳಾಸಕ್ಕೇ ಹಾಕು. ಬೆಳಿಗ್ಗೆ ಹೋಗುವಾಗ ಕೊಡುತ್ತೇನೆ.